ಮೀನಿನ ಮೈಗೆ ಹತ್ತಿಸುವ ಪುಡಿಯಕ್ಕ

ಬೆಳಗಿನ ಮಬ್ಬಿನಲ್ಲಿ ಮೀನು ಸಾಕಣೆಯ ಈ ಶೆಡ್ಡಿಗೆ ಕಾಲಿಟ್ಟವರು ಮೊದಲು ಮಾಡುವ ಕೆಲಸ ಮೂಗು ಮುಚ್ಚಿಕೊಳ್ಳುವುದು. ನಾನೂ ಅದನ್ನೇ ಮಾಡುತ್ತೇನೆ. ಕೊಳೆತ ಎಲೆಕೋಸಿನಂಥ ನಾತದ ನಡುವೆ, ಮೊಣಕೈವರೆಗೆ ಸೋಯಾ ಹಿಟ್ಟು ಮೆತ್ತಿಕೊಂಡ ಹೆಂಗಸೊಬ್ಬರು ಬಿಳಿ ಪುಡಿಯನ್ನು ತೂಗಿ ಬೆರೆಸುತ್ತಿದ್ದಾರೆ. "ಮೂಗು ಬಿಡಿ, ಸ್ವಲ್ಪ ಹೊತ್ತಿಗೆ ಅದೇ ಸೋತು ಸುಮ್ಮನಾಗುತ್ತೆ," ಎನ್ನುತ್ತಾರೆ. ಇಲ್ಲಿ ಎಲ್ಲರಿಗೂ ಇವರು ಪುಡಿಯಕ್ಕ.

ಹಿಂದೆ ಇಲ್ಲಿನ ಮೀನುಗಳಿಗೆ ಒಣಮೀನಿನ ಪುಡಿಯೇ ಆಹಾರ. ಅದು ದುಬಾರಿಯಾದಾಗ ಮಾಲೀಕರು ಸೋಯಾ ತರಿಸಿದರು. ಮೀನುಗಳು ಸಸ್ಯಾಹಾರಿಗಳಾದವು, ಬೆಳೆಯುವುದನ್ನು ಮರೆತವು. "ತಿಂತಿದ್ವು, ಮೈಗೆ ಹತ್ತುತ್ತಿರಲಿಲ್ಲ. ತಲೆ ಇಷ್ಟಪ್ಪ, ಬಾಲ ಕಡ್ಡಿ. ಥೇಟ್ ನನ್ನ ಮೈದುನ!" ಸೋಯಾದಲ್ಲಿ ಪ್ರೋಟೀನ್ ಧಾರಾಳ, ಆದರೆ ಮೀನಿನ ಮೈ ಕಟ್ಟುವ ಮೆಥಿಯೋನಿನ್ ಎಂಬ ಅಮೈನೋ ಆಮ್ಲ ಅದರಲ್ಲಿ ಸಾಲದು. ಅದೊಂದು ಕಡಿಮೆಯಾದರೆ ಉಳಿದದ್ದು ಇದ್ದೂ ವ್ಯರ್ಥ. ಆ ಕೊರತೆ ತುಂಬುವುದೇ ಈ ನಾತದ ಪುಡಿ. ಪುಡಿ ಬಿದ್ದ ಮೇಲೆ ಮೀನುಗಳ ಬೆನ್ನು ತುಂಬಿತು. ಪುಡಿಯಕ್ಕನ ಸಂಸಾರದ ನೆಮ್ಮದಿ ಕೆಟ್ಟಿತು.

ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆಯ ಹೊತ್ತಿಗೆ ಆಕೆ ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದರು. "ಹತ್ತಿರ ಬಂದ್ರೆ ಕೇಕಿನ ವಾಸನೆ. ಅದಕ್ಕೇ ಮರುಳಾಗಿದ್ದು," ಎಂದು ದರ್ಜಿ ಸಂಕೋಚವಿಲ್ಲದೆ ಒಪ್ಪಿಕೊಳ್ಳುತ್ತಾರೆ. ಬೇಕರಿ ಮುಚ್ಚಿತು, ಹೆಂಡತಿ ಇಲ್ಲಿಗೆ ಸೇರಿದರು. ಪುಡಿಯ ನಾತ ಮೈಗಂಟಿದ ಮೇಲೆ ಆಕೆ ಮನೆಗೆ ಬಂದರೆ ಸಾಕು, ಗಿರಾಕಿಗಳು ಒಂದೇ ತೋಳಿನ ಅಳತೆ ಕೊಟ್ಟು ಕಾಲು ಕೀಳುತ್ತಿದ್ದರು.

ಕಳೆದ ವರ್ಷ ದರ್ಜಿ ಬೇರಿಗೇ ಮದ್ದು ಹಾಕಲು ಹೊರಟರು. ಹಿಟ್ಟು, ಪುಡಿ ಬೆರೆಸಿ ಮಾಡುವ ಮೀನಿನ ಆಹಾರದ ಗುಳಿಗೆಗಳಿಗೆ ಸವರುವ ಎಣ್ಣೆಯ ಡಬ್ಬಿಯನ್ನು ಹೆಂಡತಿ ಮನೆಯಲ್ಲಿ ತೊಳೆದಿಟ್ಟಿದ್ದರು. ನಾತ ಅಡಗಲೆಂದು ದರ್ಜಿ ಅದರೊಳಗೆ ಗುಟ್ಟಾಗಿ ಒಂದು ಸೀಸೆ ವೆನಿಲಾ ಎಸೆನ್ಸ್ ಸುರಿದರು. ಬೆಳಗ್ಗೆ ಪುಡಿಯಕ್ಕನಿಗೆ ನೆಗಡಿ. ಏನೂ ತಿಳಿಯದೆ ಅದರಲ್ಲೇ ಎಣ್ಣೆ ತುಂಬಿ, ಸವರಿ, ಕೊಳಕ್ಕೆ ಎರಚಿದರು. ಮೀನುಗಳು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡವು, ಉಗಿದವು, ಬೆನ್ನು ತಿರುಗಿಸಿ ಹೋದವು.

ಮಾಲೀಕರು ಕೆಂಡವಾದರು. "ನಿನ್ನ ಪುಡಿಯದೇ ಕಿತಾಪತಿ. ನಾಳೆಯಿಂದ ಅದೂ ಬೇಡ, ನೀನೂ ಬೇಡ!" ಪುಡಿಯಕ್ಕನ ಮನೆ ನಡೆಯುತ್ತಿದ್ದದ್ದೇ ಆ ಸಂಬಳದಲ್ಲಿ. ಅಷ್ಟರಲ್ಲಿ ಮಾಲೀಕರು ತೇಲುತ್ತಿದ್ದ ಗುಳಿಗೆಯೊಂದನ್ನು ಎತ್ತಿ ಮೂಸಿದರು. "ಇದೇನು, ಕೇಕಿನ ವಾಸನೆ! ಯಾರ ಹುಟ್ಟುಹಬ್ಬ?"

ಪುಡಿಯಕ್ಕನಿಗೆ ಎಲ್ಲ ಹೊಳೆಯಿತು. ಗಂಡನಿಗೆ ಫೋನು ಹಚ್ಚಿದರು: "ಈಗ್ಲೇ ಬರ್ತೀರೋ, ನಾನೇ ಬರ್ಲೋ?"

ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ದರ್ಜಿ ಓಡಿ ಬಂದರು. "ಅವಳನ್ನ ತೆಗೀಬೇಡಿ ಸ್ವಾಮಿ. ಮೂಗು ನಂದು, ತಪ್ಪೂ ನಂದು."

ಮಾಲೀಕರಿಗೆ ನಗು ತಡೆಯಲಾಗಲಿಲ್ಲ. ದರ್ಜಿಯ ಕೈಗೆ ಬಲೆ ಕೊಟ್ಟರು. ಸೊಂಟದವರೆಗೆ ನೀರಲ್ಲಿ ನಿಂತು ಆತ ಮಧ್ಯಾಹ್ನದವರೆಗೆ ಗುಳಿಗೆ ಬಾಚಿದರು. ಆ ತಿಂಗಳೇ ಶೆಡ್ಡಿನ ಪಕ್ಕ ಬಿಸಿನೀರಿನ ಬಚ್ಚಲು ಎದ್ದಿತು. ಈಗ ಪುಡಿಯಕ್ಕ ಅಲ್ಲೇ ಮಿಂದು ಮನೆಗೆ ಹೋಗುತ್ತಾರೆ, ಗಿರಾಕಿಗಳೂ ವಾಪಸಾಗಿದ್ದಾರೆ.

ಮಾತು ಮುಗಿಸಿ ಅವರು ಬೊಗಸೆ ತುಂಬ ಗುಳಿಗೆ ಎರಚುತ್ತಾರೆ. ಮುಗಿಬಿದ್ದ ಮೀನುಗಳಿಂದ ನೀರು ಕೊತಕೊತ ಕುದಿಯುತ್ತದೆ. ಬೇರೆ ಕೆಲಸ ನೋಡಬಾರದೇ ಎಂದು ಕೇಳುತ್ತೇನೆ.

"ಯಾಕೆ? ಮನೇಲಿ ಅಡುಗೆ ಮಾಡಿದ್ರೆ ಉಪ್ಪು ಕಮ್ಮಿ, ಖಾರ ಜಾಸ್ತಿ ಅಂತಾರೆ. ಇವು ನೋಡಿ, ಬಾಯಿ ತೆಗೆಯೋದೇ ತಿನ್ನೋಕೆ."