ಹೋಗಿ ಬರ್ತೀವಿ ಅಂದ ತಪ್ಪಿಗೆ

ಜಪಾನಿಗೆ ಹೋಗಿ ಬಂದೆ ಅಂದ ಕೂಡಲೇ ಗಾಂಧಿಬಜಾರಿನ ಸೊಪ್ಪಿನವಳಿಂದ ಹಿಡಿದು ನಮ್ಮ ಪ್ರಿನ್ಸಿಪಾಲರವರೆಗೆ ಎಲ್ಲರೂ ಕೇಳಿದ್ದು ಒಂದೇ ಮಾತು, "ಫ್ಯೂಜಿ ಪರ್ವತ ನೋಡಿದ್ರಾ?" ನೋಡಲಿಲ್ಲ. ನಮ್ಮ ಹದಿನೆಂಟು ಹುಡುಗಿಯರಲ್ಲಿ ಹದಿನೇಳು ಜನ ನೋಡಿದರು, ಮೋಡವಿಲ್ಲದ ಆಕಾಶದಲ್ಲಿ ನೆತ್ತಿಯಿಂದ ಬುಡದವರೆಗೆ ನೋಡಿದರು. ಅದೇ ಹೊತ್ತಿನಲ್ಲಿ ನಾನೂ ಮಿಕ್ಕ ಒಬ್ಬ ಹುಡುಗಿಯೂ ಒಬ್ಬ ಅಜ್ಜಿಯ ಅಡುಗೆಮನೆಯಲ್ಲಿ ನಿಂತು ಅನ್ನದ ಉಂಡೆ ಕಟ್ಟುತ್ತಿದ್ದೆವು. ಯಾಕೆ ಅನ್ನುವುದನ್ನು ಸೊಪ್ಪಿನ ಚೀಲ ಹಿಡಿದುಕೊಂಡು ನಿಂತ ನಿಲುವಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕನ್ನಡ ಮೇಡಂ. ಎರಡು ವರ್ಷದ ಹಿಂದೆ ನಮ್ಮಲ್ಲಿ ಸಂಜೆ ಹೊತ್ತು ಜಪಾನಿ ಕಲಿಸುವ ತರಗತಿ ಶುರುವಾಯಿತು. ಮೊದಲ ದಿನ ಕೂರಲು ಬೆಂಚು ಸಾಲದೆ ನನ್ನ ಕೊಠಡಿಯಿಂದ ಎರಡು ಹೊತ್ತುಕೊಂಡು ಹೋದರು. ದಸರೆ ರಜೆ ಮುಗಿಯುವಷ್ಟರಲ್ಲಿ ಆ ಎರಡೂ ವಾಪಸು ಬಂದವು. ಕೊನೆಗೆ ಉಳಿದವಳು ಒಬ್ಬಳೇ. ಮಲ್ಲೇಶ್ವರಂನಿಂದ ಮೆಟ್ರೋದಲ್ಲಿ ಬರುವ ಹುಡುಗಿ, ತಂದೆಗೆ ಪೇಟೆಯಲ್ಲಿ ಲೈನಿಂಗ್ ಬಟ್ಟೆಯ ಅಂಗಡಿ. ಬಟ್ಟೆ ಸುತ್ತಿ ಬರುವ ರಟ್ಟನ್ನು ಬಿಡಿಸಿ, ಅದರ ಮೇಲೆ ಸ್ಕೆಚ್ ಪೆನ್ನಿನಿಂದ ಆ ಅಕ್ಷರಗಳನ್ನು ಬರೆದು ಬರೆದು ಕಲಿತಳು. ಸ್ಟಾಫ್ ರೂಮಿಗೆ ತಂದು ತೋರಿಸುತ್ತಿದ್ದಳು. ನನಗೆ ಅದೊಂದೂ ತಿಳಿಯುತ್ತಿರಲಿಲ್ಲ. ಗೆರೆ ನೇರವಾಗಿದೆ ಅನ್ನುತ್ತಿದ್ದೆ, ಅಷ್ಟಕ್ಕೇ ಖುಷಿಯಾಗುತ್ತಿದ್ದಳು.

ಕೊನೆ ವರ್ಷದವರ ಪ್ರವಾಸ ಅಂದರೆ ಹಂಪಿ, ಇಲ್ಲದಿದ್ದರೆ ಮಡಿಕೇರಿ. ಈ ಸಲ ಮಕ್ಕಳು ಹಠ ಹಿಡಿದು ಜಪಾನ್ ಅಂದರು. ಮನೆಯವರು ಒಪ್ಪಿದರು. ಜೊತೆಗೆ ವಯಸ್ಸಾದವರೊಬ್ಬರು ಬೇಕು ಅಂತ ನನ್ನನ್ನು ಹಚ್ಚಿದರು. ಟ್ರಾವೆಲ್ಸ್ ಕಡೆಯಿಂದ ಒಬ್ಬ ಟೂರ್ ಮ್ಯಾನೇಜರ್ ಬಂದಿದ್ದ. ನಮ್ಮ ಬೆಂಗಳೂರಿನವನೇ. ಇಂಗ್ಲಿಷು, ಹಿಂದಿ, ಕನ್ನಡ ಎಲ್ಲ ಬರುತ್ತಿತ್ತು, ಜಪಾನಿ ಒಂದು ಬಿಟ್ಟು.

ಇಲ್ಲಿ ನನ್ನದೊಂದು ಚಾಳಿಯ ವಿಷಯ ಹೇಳಬೇಕು. ಬೆಲ್ ಹೊಡೆದ ಮೇಲೆ ಯಾವ ಹುಡುಗಿಯಾದರೂ "ನಾನು ಹೋಗ್ತೀನಿ ಮೇಡಂ" ಅಂದರೆ ನಾನು ಬಾಗಿಲಲ್ಲೇ ನಿಲ್ಲಿಸಿಬಿಡುತ್ತೇನೆ. "ಹೋಗ್ತೀನಿ ಅಂತ ಹೇಳ್ಬಾರ್ದಮ್ಮ. ಹೋಗಿ ಬರ್ತೀನಿ ಅನ್ನು." ಹೇಳಿಸಿದ ಮೇಲೆಯೇ ಬಿಡುವುದು. ನಮ್ಮ ತಾಯಿ ನಮಗೆ ಮಾಡಿದ್ದನ್ನೇ ನಾನು ಇವರಿಗೆ ಮಾಡಿದೆ. ಬೆನ್ನ ಹಿಂದೆ ನನ್ನ ದನಿಯಲ್ಲೇ ಅಣಕಿಸುತ್ತಾರೆ ಅಂತಲೂ ಗೊತ್ತು.

ನಾಲ್ಕನೆಯ ದಿನ ಬೆಟ್ಟದ ತಪ್ಪಲಿನ ಒಂದು ಚಿಕ್ಕ ಊರಲ್ಲಿ ಇಳಿದುಕೊಂಡೆವು. ಹೋಟೆಲಲ್ಲ, ಮನೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ ನಡೆಸುವ ವಸತಿ. ನೆಲಕ್ಕೆ ಹುಲ್ಲಿನ ಚಾಪೆ, ಅದರ ಮೇಲೆ ಹಾಸಿಗೆ. ನಮ್ಮ ಮಕ್ಕಳಲ್ಲಿ ಮುಕ್ಕಾಲು ಪಾಲು ಮೀನು ಮುಟ್ಟದವರು. ಅಲ್ಲಿ ಸಾರು ಅಂದರೆ ಒಣಮೀನು ಹಾಕಿಯೇ ಮಾಡುವುದು. ನಮ್ಮ ಮಲ್ಲೇಶ್ವರಂ ಹುಡುಗಿ ಮೊದಲೇ ಅಜ್ಜಿಗೆ ಫೋನ್ ಮಾಡಿ, ಗಳಿಗೆಗೊಮ್ಮೆ ನಿಘಂಟು ನೋಡಿಕೊಂಡು ಎಲ್ಲವನ್ನೂ ವಿವರಿಸಿದ್ದಳು. ಅಜ್ಜಿ ಕಡಲಪಾಚಿ ಕುದಿಸಿ ಬೇರೆಯೇ ಸಾರು ಇಟ್ಟಿದ್ದರು. ಆ ರಾತ್ರಿ ಮಕ್ಕಳು ಎರಡೆರಡು ಸಲ ಬಡಿಸಿಕೊಂಡರು.

ದೊಡ್ಡ ಸೂಟ್‌ಕೇಸುಗಳೆಲ್ಲ ಮುಂದಿನ ಊರಿಗೆ ಮೊದಲೇ ಹೋಗಿದ್ದವು. ಬೆಳಿಗ್ಗೆ ಎಲ್ಲರ ಹೆಗಲಲ್ಲೂ ಒಂದೊಂದೇ ಚೀಲ. ಹೊರಡುವ ಮುಂಚೆ ನಮ್ಮ ಹುಡುಗಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. "ಅಜ್ಜಿಗೆ ಚೆನ್ನಾಗಿ ಹೇಳಿ ಹೋಗೋಣ ಕಣ್ರೇ. ಅವರಲ್ಲೂ ನಮ್ಮ ಥರಾನೇ ಒಂದು ಮಾತಿದೆ. ಹೋಗಿ ಬರ್ತೀನಿ ಅಂತಾನೇ ಅದರ ಅರ್ಥ. ನಾನು ಹೇಳಿದ ಹಾಗೆ ಹೇಳಿ." ಇತ್ತೆಕಿಮಾಸು ಅಂತ ಎರಡು ಸಲ ಹೇಳಿಕೊಟ್ಟಳು. ಹದಿನೆಂಟು ಗಂಟಲು ಒಟ್ಟಿಗೆ ಕೂಗಿದವು. ಅಜ್ಜಿ ಒಂದು ಕ್ಷಣ ನಮ್ಮನ್ನೇ ನೋಡಿದರು. ಆಮೇಲೆ ನಕ್ಕು ಏನೋ ಅಂದು, ಬಸ್ಸು ತಿರುಗುವವರೆಗೂ ಕೈ ಬೀಸಿದರು. ನನಗಂತೂ ಹೆಮ್ಮೆಯೋ ಹೆಮ್ಮೆ. ಚಾಮರಾಜಪೇಟೆಯಲ್ಲಿ ಬಾಗಿಲಿಗೆ ಅಡ್ಡ ನಿಂತು ಕಲಿಸಿದ್ದು ಎಲ್ಲಿಯವರೆಗೆ ಬಂತು ನೋಡು ಅಂದುಕೊಂಡೆ.

ಹನ್ನೊಂದೂವರೆಗೆ ಒಂದು ಕೆರೆಯ ದಂಡೆಯಲ್ಲಿ ಬಸ್ಸು ನಿಲ್ಲಿಸಿದ್ದರು. ಒಂದು ಗಂಟೆಗೆ ರೋಪ್‌ವೇ ಹತ್ತಿ ಫ್ಯೂಜಿ ನೋಡುವುದಿತ್ತು. ಎರಡು ದಿನ ಕವಿದಿದ್ದ ಮೋಡ ಅವತ್ತೇ ಸರಿದಿತ್ತು. ಮ್ಯಾನೇಜರಿನ ಫೋನ್ ಹೊಡೆದುಕೊಂಡಿತು. ಆ ಕಡೆಯಿಂದ ಬರೀ ಜಪಾನಿ. ಯಾರೋ ಚಾರ್ಜರ್ ಮರೆತಿದ್ದಾರೆ ಅಂದುಕೊಂಡು ಅವನು ಫೋನನ್ನು ನಮ್ಮ ಹುಡುಗಿಯ ಕೈಗಿಟ್ಟ. ಅವಳು ಹೂಂಗುಟ್ಟುತ್ತಾ ಕೇಳಿದಳು. ಆಮೇಲೆ ಏನೋ ಒಂದು ಮಾತು ಹೇಳಿ, ಕಾಣದ ಅಜ್ಜಿಗೆ ಬಗ್ಗಿ ನಮಸ್ಕಾರ ಮಾಡಿ ಫೋನ್ ಇಟ್ಟಳು.

"ಏನಂತೆ?" ಅಂದೆ.

"ಅಜ್ಜಿ ಮೇಡಂ. ಎಷ್ಟು ಗಂಟೆಗೆ ಬರ್ತೀರಾ, ಅನ್ನಕ್ಕಿಡಬೇಕು ಅಂತಿದಾರೆ."

ಆಗಿದ್ದು ಇಷ್ಟು. ಆ ಮಾತು ಅಲ್ಲೂ ಇದೆ, ಅರ್ಥವೂ ಅದೇ. ಆದರೆ ಅವರು ಅದನ್ನು ನಿಜವಾಗಿಯೂ ತಿರುಗಿ ಬರುವಾಗ ಮಾತ್ರ ಹೇಳುತ್ತಾರೆ, ಅದೂ ಮನೆಯಿಂದ ಹೊರಡುವಾಗ. ಒಂದೇ ರಾತ್ರಿಯ ಬುಕಿಂಗ್ ಅಂತ ಅಜ್ಜಿಗೆ ಗೊತ್ತು. ಆದರೆ ಹದಿನೆಂಟು ಜನ ಒಟ್ಟಿಗೆ ಕೂಗಿ ಹೇಳಿದ ಮೇಲೆ, ಊರು ಸುತ್ತಿಕೊಂಡು ಮಧ್ಯಾಹ್ನ ಊಟಕ್ಕೆ ಬಂದು ಹೋಗುತ್ತಾರೆ ಅಂದುಕೊಂಡಿದ್ದಾರೆ. ಕುಂಬಳಕಾಯಿ ಬೇಯಿಸಿ ಆಗಿದೆ.

ಮಾವಳ್ಳಿಯ ಒಬ್ಬಳಿದ್ದಾಳೆ, ಬಾಯಿ ಸುಮ್ಮನಿರದವಳು. "ಫಾರಿನ್‌ಗೆ ಬಂದು ಹದಿನೆಂಟು ಜನಕ್ಕೆ ಊಟ ಹೇಳ್ಬಿಟ್ಟಿದೀಯಲ್ಲ ಗುರು. ಡಿಗ್ರಿ ಬಿಡು, ಮದುವೆ ಕಾಂಟ್ರ್ಯಾಕ್ಟ್ ಹಿಡಿ" ಅಂದಳು. ಎಲ್ಲರೂ ನಕ್ಕರು. ನಮ್ಮ ಹುಡುಗಿ ನಗಲಿಲ್ಲ.

"ನೀನು ಏನು ಹೇಳ್ದೆ ಅಜ್ಜಿಗೆ?" ಅಂತ ಕೇಳಿದೆ.

"ಒಂದು ಗಂಟೆಗೆ ಬರ್ತೀನಿ ಅಂದ್ಬಿಟ್ಟೆ ಮೇಡಂ."

ಮ್ಯಾನೇಜರ್ ತಲೆಗೆ ಕೈ ಇಟ್ಟುಕೊಂಡ. "ಅಯ್ಯೋ, ಯಾರನ್ನ ಕೇಳಿ ಹೇಳಿದ್ರಿ? ಬಸ್ ವಾಪಸ್ ಹೋಗೋಕಾಗಲ್ಲ. ರೋಪ್‌ವೇ ಟಿಕೆಟ್ ಟೈಮ್ ಫಿಕ್ಸ್ ಆಗಿದೆ. ಬಿಡಿ, ನಾನು ಫೋನ್ ಮಾಡಿ ಸಾರಿ ಅಂತೀನಿ."

"ಯಾವ ಭಾಷೇಲಿ ಅಂತೀರ ಸರ್?" ಅಂದಳು ಅವಳು. ಕೊಂಕಿನಿಂದ ಕೇಳಿದ್ದಲ್ಲ. ಆದರೂ ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಅವಳು ನನ್ನ ಕಡೆ ತಿರುಗಿದಳು. "ಮೇಡಂ, ಟ್ರೈನ್ ಇದೆ, ನಲವತ್ತು ನಿಮಿಷ. ನಾನೊಬ್ಬಳೇ ಹೋಗಿ ಬರ್ತೀನಿ. ಬರ್ತೀವಿ ಅಂತ ಎಲ್ಲರ ಬಾಯಲ್ಲೂ ಹೇಳಿಸಿದ್ದು ನಾನು. ಒಬ್ಬರಾದ್ರೂ ಹೋಗ್ಬೇಕು."

ಫೋನಿನಲ್ಲಿ ಕ್ಷಮೆ ಕೇಳಿದರೆ ಸಾಕು ಅನ್ನಬಹುದಿತ್ತು. ಹೇಳಬೇಕು ಅಂತ ಬಾಯಿ ತೆರೆದೆ ಕೂಡ. ಆದರೆ ಎರಡನೇ ಸಲ ಬರ್ತೀನಿ ಅಂದದ್ದು ಗೊತ್ತಿಲ್ಲದೆ ಅಂದದ್ದಲ್ಲ, ಗೊತ್ತಿದ್ದೇ ಅಂದಿದ್ದಾಳೆ. ಅದನ್ನು ಮುರಿಸಲು ನನ್ನಿಂದ ಆಗಲಿಲ್ಲ. ಒಬ್ಬಳನ್ನೇ ಕಳಿಸುವ ಹಾಗೂ ಇಲ್ಲ. "ನಡಿ, ನಾನೂ ಬರ್ತೀನಿ" ಅಂದೆ. ಮಿಕ್ಕ ಮಕ್ಕಳನ್ನು ಮ್ಯಾನೇಜರಿಗೆ ಒಪ್ಪಿಸಿ, ಐದು ಗಂಟೆಗೆ ಅದೇ ಕೆರೆಯ ಹತ್ತಿರದ ಬಸ್ ಸ್ಟ್ಯಾಂಡಿನಲ್ಲಿ ಸೇರುವುದು ಅಂತ ಮಾತಾಯಿತು.

ಅಲ್ಲಿಯವರೆಗೆ ನಾನು ಅವಳನ್ನು ಕಾಪಾಡಿಕೊಂಡು ಬಂದವಳು. ಸ್ಟೇಷನ್ನಿನಿಂದ ಆಚೆಗೆ ಅವಳು ನನ್ನನ್ನು ಕರೆದುಕೊಂಡು ಹೋದಳು. ಯಾವ ಪ್ಲಾಟ್‌ಫಾರಂ ಅಂತ ಕೇಳಿದಳು. ಗೋಡೆಯ ಮೇಲಿನ ಅಕ್ಷರಗಳಲ್ಲಿ ಊರಿನ ಹೆಸರು ಹುಡುಕಿದಳು. ರಟ್ಟಿನ ಮೇಲೆ ನೋಡಿದ್ದ ಗೆರೆಗಳೇ ಅವು, ಈಗ ಅವು ನಮ್ಮನ್ನು ರೈಲು ಹತ್ತಿಸುತ್ತಿದ್ದವು. ಒಂದು ಕಡೆ ತಪ್ಪು ಗೇಟಿಗೆ ಹೋದೆವು, ಅಲ್ಲಿದ್ದ ಸಿಬ್ಬಂದಿಯನ್ನು ಕೇಳಿಕೊಂಡು ತಿರುಗಿ ಬಂದೆವು. ನಾನು ಅವಳ ಚೀಲದ ಪಟ್ಟಿ ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ.

ಅಜ್ಜಿ ಬಾಗಿಲಲ್ಲೇ ಇದ್ದರು. ಹುಡುಗಿ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಂದು ಮಾತು ಹೇಳಿದಳು, ಅವರೊಂದು ಹೇಳಿದರು. ಆಮೇಲೆ ಕೇಳಿ ತಿಳಿದುಕೊಂಡೆ, ಇವಳು ಬಂದೆ ಅಂದದ್ದು, ಅವರು ಬಂದ್ಯಾ ಅಂದದ್ದು. ಅಜ್ಜಿ ನಮ್ಮ ಬೆನ್ನ ಹಿಂದೆ ಬೀದಿಯುದ್ದ ನೋಡಿದರು. ಉಳಿದ ಹದಿನೇಳು ಜನ ಎಲ್ಲಿ ಅಂತ.

ಹುಡುಗಿ ಚಾಪೆಯ ಮೇಲೆ ಮಂಡಿಯೂರಿ ಎಲ್ಲವನ್ನೂ ಹೇಳಿದಳು. ತಡವರಿಸಿದಳು, ಒಂದೆರಡು ಕಡೆ ಹಿಂದಕ್ಕೆ ಹೋಗಿ ತಿದ್ದಿಕೊಂಡಳು. ಆದರೂ ನಿಲ್ಲಿಸಲಿಲ್ಲ. ಅಜ್ಜಿ ಕೈಕಟ್ಟಿಕೊಂಡು ಕೇಳಿದರು. ಕೇಳಿದ ಮೇಲೆ ಒಂದು ಪ್ರಶ್ನೆ ಹಾಕಿದರು. ಅವಳು ನನ್ನ ಕಡೆ ನೋಡಿದಳು.

"ಮೇಡಂ, ಇನ್ನು ಬರೋದೇ ಇಲ್ಲ ಅಂತ ಗೊತ್ತಿರುವಾಗ ನಿಮ್ಮ ಭಾಷೇಲಿ ಏನಂತೀರಿ ಅಂತ ಕೇಳ್ತಿದಾರೆ."

ಇಷ್ಟು ವರ್ಷ ಕನ್ನಡ ಹೇಳಿಕೊಟ್ಟಿದ್ದೇನೆ, ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಯೋಚಿಸಿದೆ. "ಆಗಲೂ ಹೋಗಿ ಬರ್ತೀನಿ ಅಂತಾನೇ ಅಂತೀವಿ. ಬೇರೆ ಹೇಳಕ್ಕೆ ನಮಗೆ ಬಾಯಿ ಬರಲ್ಲ ಅನ್ನು."

ಅವಳು ಹೇಳಿದಳು. ಅಜ್ಜಿ ಮೂಗಿನಲ್ಲಿ ನಕ್ಕು ಏನೋ ಅಂದು ಎದ್ದರು.

"ಏನಂದ್ರು?"

"ಅಡುಗೆ ಮಾಡೋರಿಗೆ ತುಂಬಾ ತೊಂದರೆ ಕೊಡೋ ಭಾಷೆ ಅಂದ್ರು ಮೇಡಂ."

ಕ್ಷಮೆಯ ಮಾತು ಅಲ್ಲಿಗೆ ಮುಗಿಯಿತು. ಅಜ್ಜಿ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು, ಏಪ್ರನ್ ಕಟ್ಟಿ, ಬಿಸಿ ಅನ್ನದ ಪಾತ್ರೆಯ ಮುಂದೆ ನಿಲ್ಲಿಸಿದರು. ಬಂದವರು ಇಬ್ಬರಾದರೇನು, ಮಾಡಿದ್ದು ಎಲ್ಲರಿಗೂ, ತೆಗೆದುಕೊಂಡು ಹೋಗಿ ಅಂದರು. ಕೈಗೆ ಉಪ್ಪುನೀರು ಸವರಿ, ನಡುವೆ ಉಪ್ಪಿನಲ್ಲಿ ನೆನೆದ ಒಂದು ಕೆಂಪು ಹುಳಿಕಾಯಿ ಇಟ್ಟು, ಮೂರು ಮೂಲೆ ಬರುವ ಹಾಗೆ ಒತ್ತಬೇಕು. ನನ್ನ ಉಂಡೆಗಳು ರಾಗಿಮುದ್ದೆಯ ಹಾಗೆ ದುಂಡಗೆ ಬಂದವು. ಅಜ್ಜಿ ಅವನ್ನು ಬೇರೆ ಡಬ್ಬಿಗೆ ಹಾಕಿದರು. ನಮ್ಮ ಹುಡುಗಿಯನ್ನು ಸ್ವಲ್ಪ ಹೊತ್ತು ನೋಡಿ ನನಗೆ ಏನೋ ಹೇಳಿದರು.

ಅವಳು ತಲೆ ಎತ್ತದೆ, ಅನ್ನ ಒತ್ತುತ್ತಲೇ ಹೇಳಿದಳು. "ನಿಮ್ಮ ಹುಡುಗಿ ಮಾತು ಚೆನ್ನಾಗಿ ಆಡ್ತಾಳೆ, ಕೈ ಮಾತ್ರ ನಿಧಾನ. ಮನೇಲಿ ಕೆಲಸ ಮಾಡಿ ಅಭ್ಯಾಸ ಇಲ್ಲ ಅನ್ಸುತ್ತೆ, ಅಂತಿದಾರೆ."

ಅರ್ಧ ನುಂಗಿಬಿಡಬಹುದಿತ್ತು. ನನಗೆ ಹೇಗೂ ಗೊತ್ತಾಗುತ್ತಿರಲಿಲ್ಲ. ಹೊಗಳಿದ್ದನ್ನು ಹೇಗೆ ಹೇಳಿದಳೋ ಬೈದದ್ದನ್ನೂ ಹಾಗೆಯೇ ಹೇಳಿದಳು. ಪರೀಕ್ಷೆಯಲ್ಲಿ ರ‍್ಯಾಂಕ್ ತೆಗೆದ ಮಕ್ಕಳನ್ನು ನೋಡಿದ್ದೇನೆ. ಯಾರ ಬಗ್ಗೆಯೂ ಆ ಅಡುಗೆಮನೆಯಲ್ಲಿ ಅನ್ನಿಸಿದಷ್ಟು ಹೆಮ್ಮೆ ನನಗೆ ಅನ್ನಿಸಿಲ್ಲ.

ಮೂರು ಗಂಟೆಗೆ ಅಜ್ಜಿ ಡಬ್ಬಿಗಳನ್ನು ಎರಡು ದೊಡ್ಡ ಬಟ್ಟೆಯಲ್ಲಿ ಗಂಟು ಕಟ್ಟಿಕೊಟ್ಟರು. ಬಟ್ಟೆಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದ ಹುಡುಗಿ ಅದು ಎಂಥ ನೇಯ್ಗೆ ಅಂತ ಕೇಳಿದಳು, ಅಪ್ಪನಿಗೆ ಹೇಳಬೇಕಂತೆ. ಅದಕ್ಕೊಂದು ಹತ್ತು ನಿಮಿಷ ಹೋಯಿತು. ಕೊನೆಗೆ ಅಜ್ಜಿ ಇನ್ನೊಂದು ವಿಷಯವನ್ನು ಗಟ್ಟಿಯಾಗಿ, ಬೆರಳು ಎತ್ತಿ ಹೇಳಿದರು.

ಐದಕ್ಕೆ ಹತ್ತು ನಿಮಿಷ ಇರುವಾಗ ಬಸ್ ಸ್ಟ್ಯಾಂಡಿಗೆ ಬಂದೆವು. ಮಕ್ಕಳು ಫ್ಯೂಜಿ ನೋಡಿದ ಅಮಲಿನಲ್ಲಿ ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುತ್ತಿದ್ದರು. ಬಸ್ಸು ಹತ್ತಿ ಗಂಟು ಬಿಚ್ಚಿದ ಕೂಡಲೇ ಎಲ್ಲರೂ ಡಬ್ಬಿಗಳಿಗೆ ಮುಗಿಬಿದ್ದರು. ಮಾವಳ್ಳಿಯವಳು ನನ್ನ ದುಂಡು ಉಂಡೆಯನ್ನೇ ಆರಿಸಿಕೊಂಡು, "ಇದ್ಯಾರು ಜಪಾನಲ್ಲಿ ಮುದ್ದೆ ತಿರುವಿದ್ದು?" ಅಂದಳು. ಹುಳಿಕಾಯಿ ಕಚ್ಚಿದವರೆಲ್ಲ ಒಂದು ಕಣ್ಣು ಮುಚ್ಚಿಕೊಂಡು ತಿಂದರು. ಒಬ್ಬರೂ ಬಿಸಾಡಲಿಲ್ಲ.

ನಮ್ಮ ಹುಡುಗಿ ಡ್ರೈವರ್ ಪಕ್ಕ ನಿಂತು ಮೈಕ್ ತೆಗೆದುಕೊಂಡಳು. "ಬೆಳಿಗ್ಗೆ ನಾನು ಹೇಳಿಕೊಟ್ಟಿದ್ದು ತಪ್ಪು. ಅಜ್ಜಿಯ ಹತ್ರ ಕ್ಷಮೆ ಕೇಳಿಕೊಂಡು ಬಂದೆ, ನೀವೂ ಕ್ಷಮಿಸ್ಬಿಡಿ. ಅಜ್ಜಿ ಇನ್ನೊಂದು ಹೇಳಿ ಕಳಿಸಿದಾರೆ. ನಿನ್ನೆ ರಾತ್ರಿ, ಟಾಯ್ಲೆಟ್ ಒಳಗೆ ಮಾತ್ರ ಅಂತ ಇಟ್ಟಿದ್ದ ಚಪ್ಪಲಿ ಹಾಕ್ಕೊಂಡು ಚಾಪೆ ಮೇಲೆ ಓಡಾಡಿದ್ದು ಯಾರು? ಅದು ಯಾರು ಅಂತ ಅವರಿಗೆ ಗೊತ್ತಾಗ್ಬೇಕಂತೆ."

ಎಲ್ಲರೂ ಒಬ್ಬರ ಕಾಲು ಒಬ್ಬರು ನೋಡಿಕೊಂಡರು. ಕೊನೆಗೆ ಮಾವಳ್ಳಿಯವಳು, ಬಾಯಿ ತುಂಬ ಅನ್ನ ಇಟ್ಟುಕೊಂಡೇ, ಕೈ ಮೇಲೆ ಮಾಡಿದಳು.

"ತಲುಪಿದ ಕೂಡಲೇ ಫೋನ್ ಮಾಡಿ ಅಂದಿದ್ರು" ಅಂತ ನಮ್ಮ ಹುಡುಗಿ ಮ್ಯಾನೇಜರನ್ನು ನೋಡಿದಳು. ಅವನು ಆಗಲೇ ಅಜ್ಜಿಯ ನಂಬರು ಒತ್ತಿ ಫೋನನ್ನು ಅವಳ ಕಡೆ ಚಾಚಿದ್ದ. ಮಕ್ಕಳೆಲ್ಲ ಊಟ ನಿಲ್ಲಿಸಿ ಕೇಳುತ್ತಾ ಕೂತರು, ಅರ್ಥವಾಗದಿದ್ದರೂ. ಆಮೇಲೆ ಕೇಳಿ ತಿಳಿದುಕೊಂಡೆ, ಅವಳು ತಲುಪಿದೆವು ಅಂದದ್ದು, ಎಲ್ಲರೂ ತಿಂದರು ಅಂದದ್ದು, ಚಪ್ಪಲಿಯವಳು ಸಿಕ್ಕಿದಳು ಅಂದದ್ದು.