ಗೌರಕ್ಕನ ರಿಪೋರ್ಟು, ನನ್ನ ರಿಪೋರ್ಟು

ಕೊಟ್ಟೂರಿನಲ್ಲಿ ಪಾರ್ಲರ್ ತೆರೆದ ಮೊದಲ ವಾರ. ಹುಬ್ಬು ತಿದ್ದಿಸಿಕೊಳ್ಳಲು ಕೂತ ಹುಡುಗಿಯೊಬ್ಬಳು, "ನಮ್ಮವ್ವಗ ಆರಾಮಿಲ್ರಿ ಅಕ್ಕಾ, ಲಗೂನ ಮುಗಸ್ರಿ" ಎಂದಳು. ನಾನು ದಾರ ಎಳೆಯುತ್ತಲೇ, "ಪಾಪ, ಮನೆಕೆಲಸ ನೀವು ಹಂಚಿಕೊಂಡರೆ ಅವರಿಗೂ ಸ್ವಲ್ಪ ಆರಾಮ ಸಿಗುತ್ತೆ" ಎಂದೆ. ಸರದಿಗೆ ಕಾದಿದ್ದ ಹೆಂಗಸರು ನಕ್ಕುಬಿಟ್ಟರು. ಹುಡುಗಿ ನಗಲಿಲ್ಲ. ಅವಳ ತಾಯಿ ಜ್ವರದಲ್ಲಿ ಮಲಗಿದ್ದಳು. ನಂಜನಗೂಡಿನ ನಮಗೆ ಆರಾಮ ಎಂದರೆ ಬಿಡುವು, ಕಾಲು ಚಾಚಿ ಕೂರುವುದು. ಇಲ್ಲಿ ಅದು ಆರೋಗ್ಯ. ಆಡುವುದು ಒಂದೇ ಕನ್ನಡವಾದರೂ ನಾನು ಪರಸ್ಥಳದವಳೇ ಎಂದು ಅವತ್ತು ಗೊತ್ತಾಯಿತು.

ಇಲ್ಲಿ ಪಾರ್ಲರ್ ನಡೆಸುತ್ತಿದ್ದ ಗೆಳತಿ ಮದುವೆಯಾಗಿ ಹೊರಟಾಗ ಕುರ್ಚಿ, ಕನ್ನಡಿ ಸಮೇತ ಅದನ್ನು ನನಗೆ ಬಿಟ್ಟುಕೊಟ್ಟಿದ್ದಳು. ಪಾರ್ಲರ್ ಸುಲಭವಾಗಿ ಸಿಕ್ಕಿತು, ಮನೆ ಸಿಗಲಿಲ್ಲ. ಮೂವತ್ತೊಂಬತ್ತರ ಒಂಟಿ ಹೆಂಗಸು ಎಂದೊಡನೆ ನಾಲ್ಕು ಬಾಗಿಲು ಮುಚ್ಚಿದವು. ಐದನೆಯದು ಗೌರಕ್ಕನದು. ಐವತ್ತೆಂಟರ ವಿಧವೆ, ಜೋಳದ ರೊಟ್ಟಿ ಬಡಿದು ಮಾರುವವರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. "ಮ್ಯಾಲಿನ ಖೋಲಿ ಖಾಲಿ ಐತಿ. ಇರು ಬಾರವಾ" ಎಂದರು. ಅಷ್ಟೇ ವಿಚಾರಣೆ.

ನಮ್ಮ ಕಡೆ ಮುದ್ದೆಯನ್ನು ನುಂಗುತ್ತೇವೆ. ಇಲ್ಲಿಯ ರೊಟ್ಟಿಯನ್ನು ಅಗಿಯಬೇಕು. ಒಂದು ತಿಂಗಳು ದವಡೆ ನೋಯಿತು. ಗೌರಕ್ಕ ಮಾತ್ರ ಒಲೆಯ ಮುಂದೆ ಕೂತಲ್ಲೇ ನಾಲ್ಕು ರೊಟ್ಟಿ ಮುರಿದು, ಶೇಂಗಾ ಚಟ್ನಿಗೆ ಎಣ್ಣೆ ಸುರಿದುಕೊಂಡು ತಿನ್ನುತ್ತಿದ್ದರು. ಜೋಳದ ಚೀಲವನ್ನು ತಾವೇ ಎತ್ತುತ್ತಿದ್ದರು. ದಿನವಿಡೀ ಪರರ ಚರ್ಮ ನೋಡುವುದು ನನ್ನ ಕಸುಬು. ಬೆಂಕಿಯ ಎದುರು ಆಯುಷ್ಯ ಕಳೆದ ಆ ಮುಖದಲ್ಲಿ ಅಂಥ ಕಳೆ ಎಲ್ಲಿಂದ ಬಂತು ಎಂದು ಹೊಟ್ಟೆ ಉರಿಯುತ್ತಿತ್ತು. ದಿನವೂ ನಡೆಯುವವಳು ನಾನು, ಸಕ್ಕರೆ ಬಿಟ್ಟವಳು ನಾನು.

ಮಳೆಗಾಲದಲ್ಲಿ ಜ್ವರ ಬಂದು ದಾವಣಗೆರೆಯ ಆಸ್ಪತ್ರೆಯಲ್ಲಿ ಐದು ದಿನ ಮಲಗಿದೆ. ಪಕ್ಕದ ಹಾಸಿಗೆಯವಳು ಗಂಡನ ಕಂಪನಿಯ ವಿಮೆ ಕಾರ್ಡು ತೋರಿಸಿ ನಗುತ್ತ ಮನೆಗೆ ಹೋದಳು. ನಾನು ಬಳೆ ಅಡವಿಟ್ಟು ಹೊರಬಂದೆ. ನನಗೆ ಕಂಪನಿಯೂ ಇಲ್ಲ, ಗಂಡನೂ ಇಲ್ಲ. ನನ್ನ ಹೆಸರಿಗೆ ನಾನೇ ವಿಮೆ ಕೊಳ್ಳಬೇಕೆಂದು ಅಂದೇ ನಿಶ್ಚಯಿಸಿದೆ.

ಕೂಡ್ಲಿಗಿಯಿಂದ ಮಂಜುನಾಥ ಎಂಬ ಏಜೆಂಟ್ ಬಂದರು. ಮೂರು ಯೋಜನೆಗಳ ಕಾಗದವನ್ನು ಹದಿನೈದು ದಿನ ಓದಿದೆ. ಒಂದರಲ್ಲಿ ಆಸ್ಪತ್ರೆಯ ಕೋಣೆಯ ಬಾಡಿಗೆಗೆ ಮಿತಿ. ಇನ್ನೊಂದರಲ್ಲಿ ಪ್ರತಿ ಬಿಲ್ಲಿನಲ್ಲೂ ಒಂದು ಪಾಲು ನಾವೇ ಕಟ್ಟಬೇಕು. ಮೂರನೆಯದು ದುಬಾರಿ, ಆದರೆ ಈ ಎರಡೂ ಕಾಟವಿಲ್ಲ. ಅದನ್ನೇ ಆರಿಸಿದೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗೌರಕ್ಕ, "ನನಗೂ ಒಂದು ಮಾಡ್ಸಪಾ ಮಂಜಣ್ಣ. ನಾಳಿ ಬಿದ್ನೆಂದ್ರ ಮಗಳಿಗೆ ಭಾರ ಆಗಬಾರ್ದು" ಎಂದರು. ಈ ವಯಸ್ಸಿನವರಿಗೆ ಯಾರು ಕೊಡುತ್ತಾರೆ ಎಂದು ನಾನು ಒಳಗೇ ನಕ್ಕೆ.

ಇಬ್ಬರೂ ರಕ್ತ ಕೊಟ್ಟೆವು. ರಿಪೋರ್ಟುಗಳು ನೇರವಾಗಿ ಕಂಪನಿಗೆ ಹೋದವು. ಗೌರಕ್ಕನ ಫೋನು ಬರೀ ಮಾತಾಡಲು ಆಗುವಂಥದ್ದು, ಹಾಗಾಗಿ ಅವರ ಅರ್ಜಿಗೂ ನನ್ನದೇ ನಂಬರು ಕೊಟ್ಟಿದ್ದೆವು.

ಮಂಜುನಾಥ ಫೋನ್ ಮಾಡಿದರು. "ಮೇಡಮ್ಮಾರ, ನಿಮಗ ಶುಗರ್ ಐತ್ರಿ. ಶುಗರ್ ಮತ್ತ ಅದರಿಂದ ಬರೋ ಬ್ಯಾನಿಗೆ ವಿಮಾ ಸಿಗಾಕ ಮೂರು ವರ್ಷ ಕಾಯಬೇಕು. ಕಂತೂ ಹೆಚ್ಚಿಗಿ. ಗೌರಕ್ಕಾರದು ಎಲ್ಲಾ ನಾರ್ಮಲ್ ನೋಡ್ರಿ! ರೊಕ್ಕ ಕಟ್ಟೋ ಲಿಂಕು ನಿಮ್ಮ ಫೋನಿಗೇ ಬಂದೈತಿ. ಅವರಿಗೆ ಹೇಳಿ ಕಟ್ಟಿಸಿಬಿಡ್ರಿ."

ಹೇಳಲಿಲ್ಲ. ಗೌರಕ್ಕ ದಿನವೂ ಕೇಳಿದರು. "ಏನರ ಸುದ್ದಿ ಬಂತೇನು ಸುಧಾ?" "ಇನ್ನೂ ಇಲ್ಲ" ಎಂದು ದಿನವೂ ಸುಳ್ಳು ಹೇಳಿದೆ. ಅವರು ಎಣ್ಣೆ ಸುರಿದುಕೊಂಡು ತಿನ್ನುವುದನ್ನು ನೋಡುತ್ತ, ಒಂದು ವಾರವಾದರೂ ಇವರೂ ನನ್ನ ಹಾಗೆ ಕಾಯಲಿ ಎಂದುಕೊಂಡೆ. ಎಂಥ ಸಣ್ಣತನ ಎಂದು ಗೊತ್ತಿತ್ತು. ಗೊತ್ತಿದ್ದೂ ಮಾಡಿದೆ.

ಐದನೆಯ ದಿನ ಬೆಳಿಗ್ಗೆ ಬಚ್ಚಲಲ್ಲಿ ಏನೋ ಬಿದ್ದ ಸದ್ದು. ಓಡಿ ಹೋದರೆ ಗೌರಕ್ಕ ಗೋಡೆ ಹಿಡಿದು ಕೂತಿದ್ದರು, ಪಾದ ಸೊಟ್ಟಗೆ ತಿರುಗಿತ್ತು. ಮೂಳೆ ಮುರಿದಿದ್ದರೆ? ಅಪಘಾತಕ್ಕೆ ಹಣ ಕಟ್ಟಿದ ಮೊದಲ ದಿನದಿಂದಲೇ ವಿಮೆ ಸಿಗುತ್ತದೆ ಎಂದು ಕಾಗದದಲ್ಲಿ ಓದಿದ್ದವಳು ನಾನೇ. ಆಟೋದಲ್ಲಿ ಅವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲ ಹೇಳಿಬಿಟ್ಟೆ.

ಅವರು ಕಾಲನ್ನು ನನ್ನ ತೊಡೆಯಿಂದ ಇಳಿಸಿಕೊಂಡರು. ಆಮೇಲೆ, "ನನ್ನ ಮೈ ಗಟ್ಟಿ ಇದ್ದದ್ದು ನಿನಗ ಚುಚ್ಚಿತೇನು? ಗಂಡ ಸತ್ತ ಮ್ಯಾಲೆ ಗಟ್ಟಿ ಇರದಿದ್ರ ನನ್ನ ಮಗಳನ್ನ ಯಾರು ಸಾಕ್ತಿದ್ರು?" ಎಂದರು. ದನಿ ಏರಲಿಲ್ಲ. ಅದೇ ಕಷ್ಟವಾಯಿತು.

ಕಾಲು ಉಳುಕಿತ್ತು, ಮುರಿದಿರಲಿಲ್ಲ. ಗೌರಕ್ಕ ದಿನವೂ ನನ್ನ ಬಾಗಿಲಿಗೆ ತಂದಿಡುತ್ತಿದ್ದ ರೊಟ್ಟಿ ಎರಡು ದಿನ ಬರಲಿಲ್ಲ. ನಾನು ಅವರ ಹಿಟ್ಟು ಬೀಸಿಸಿ ತಂದೆ, ನೀರು ತುಂಬಿದೆ. ಬೇಡ ಎನ್ನಲಿಲ್ಲ, ಬಾ ಎನ್ನಲೂ ಇಲ್ಲ. ಮೂರನೆಯ ದಿನ ಕುಂಟುತ್ತ ಮೆಟ್ಟಿಲ ಕೆಳಗೆ ಬಂದು ನಿಂತು ಕೂಗಿದರು. "ಏಯ್ ಸುಧಾ, ಫೋನ್ ತಗೊಂಡು ಬಾ. ನನ್ನ ಕಣ್ಣೆದುರಿಗೇ ಕಟ್ಟು."

ಕಟ್ಟಿದೆ. "ಇನ್ನ ನಿಂದು?" ಎಂದರು.

"ಮೂರು ವರ್ಷ ಕಾಯಬೇಕಂತೆ ಅಕ್ಕಾ. ಬೇಡ ಅನ್ನಿಸ್ತಿದೆ."

"ಇವತ್ತ ಸುರು ಮಾಡಿದ್ರ ಮೂರು ವರ್ಷಕ್ಕ ಮುಗೀತೈತಿ. ಸುರು ಮಾಡದಿದ್ರ ಯಾವಾಗ ಮುಗೀತೈತಿ?"

ಸಕ್ಕರೆ ಕಾಯಿಲೆಯನ್ನು ಒಪ್ಪಿಕೊಂಡು, ಹೆಚ್ಚಿನ ಕಂತು ಕಟ್ಟಿ, ನನ್ನದನ್ನೂ ಕೊಂಡೆ. ಕರುಬು ಹೋಗಿದೆ ಎಂದು ಬರೆದರೆ ಸುಳ್ಳಾದೀತು. ಗೌರಕ್ಕ ಹೋಳಿಗೆಗೆ ತುಪ್ಪ ಹಾಕಿಕೊಳ್ಳುವಾಗ ಈಗಲೂ ಕಣ್ಣು ಬೇರೆಡೆ ತಿರುಗಿಸುತ್ತೇನೆ. ಕರುಬು ಎಂದರೆ ನಮ್ಮ ಕಡೆ ಹೊಟ್ಟೆಕಿಚ್ಚು. ಇಲ್ಲಿ ಆ ಪದವನ್ನು ಯಾರೂ ಆಡುವುದಿಲ್ಲ.

ಕಾರ್ಡು ಬಂದ ದಿನ ನಂಜನಗೂಡಿನಿಂದ ಅಮ್ಮ ಫೋನ್ ಮಾಡಿದಳು. ಮುಂಗಡ ಕಟ್ಟದೆ ಸೇರಬಹುದಾದ ಆಸ್ಪತ್ರೆಗಳ ಪಟ್ಟಿ ನನ್ನ ಕೈಯಲ್ಲಿತ್ತು, ಅದನ್ನು ಅವಳಿಗೆ ಹೇಳಿದೆ. "ಮೈಸೂರಿಂದೂ ಇದೆ ತಾನೆ ಅದ್ರಲ್ಲಿ? ಹುಷಾರಿಲ್ದೇ ಇದ್ರೆ ಮನೆಗೇ ಬಂದ್ಬಿಡು ಮಗಾ" ಎಂದಳು.

"ಇದೆ ಅಮ್ಮಾ, ನೋಡಿದೆ" ಎಂದೆ. ಸುಳ್ಳಲ್ಲ. ಆದರೆ ನಾನು ಮೊದಲು ಹುಡುಕಿದ್ದು ಇಲ್ಲಿಗೆ ಹತ್ತಿರದ ದಾವಣಗೆರೆಯದನ್ನು ಎಂದು ಅವಳಿಗೆ ಹೇಳಲಿಲ್ಲ.