ಮುನ್ನೂರು ವರ್ಷದ ಮಳೆರಾಯ

ಅಣೆಕಟ್ಟಿನ ಮೇಲೆ ಮಳೆ ಅಳೆಯುವ ನೌಕರನಿಗೆ ನಾವಿಟ್ಟ ಹೆಸರು ಮಳೆರಾಯ. ಗುಡುಗು ಕೇಳಿದರೆ ಸಾಕು, ತುತ್ತು ಬಾಯಲ್ಲಿರುವಾಗಲೇ ಓಡುತ್ತಾನೆ. ಕೊಡೆ ಹಿಡಿಯುವುದು ತಲೆಗಲ್ಲ, ರಿಜಿಸ್ಟರಿಗೆ. "ಇವತ್ತು ಮನೇಲಿ ಎಂಬತ್ತು ಮಿಲಿಮೀಟರ್" ಎಂದನೆಂದರೆ ಹೆಂಡತಿ ಸಿಟ್ಟಾಗಿದ್ದಾಳೆ ಎಂದರ್ಥ. ಮೊದಲೆಲ್ಲ ದಿನಕ್ಕೊಮ್ಮೆ ಬರಿದು ಮಾಡುತ್ತಿದ್ದ ಮಳೆಮಾಪಕದ ಬಾಟಲಿ ಈಗ ಮಧ್ಯಾಹ್ನದೊಳಗೆ ಮೂರು ಸಲ ತುಂಬುತ್ತದೆ. "ನೂರು ವರ್ಷಕ್ಕೊಂದ್ಸಲ ಬರೋ ಮಳೆಯಂತೆ ಕಣ್ರೀ! ಆರೇ ವರ್ಷದಲ್ಲಿ ಮೂರು ನೋಡ್ಬಿಟ್ಟೆ. ಅಂದ್ರೆ ನಂಗೀಗ ಮುನ್ನೂರು ವಯಸ್ಸು!" ಎಂದು ಕುಣಿದಾಡುತ್ತಾನೆ. ಗೇಟು ಎತ್ತುವ ಸುದ್ದಿ ಬಂತೋ, ಮೊದಲ ಫೋನು ಕೆಳಗಿನ ಹೊಳೆದಂಡೆಯಲ್ಲಿರುವ ತಂಗಿಗೆ: "ಮಗೂನ ಕರ್ಕೊಂಡು ಗುಡ್ಡ ಹತ್ತಮ್ಮ, ಪಾತ್ರೆ ಪಡಗ ಆಮೇಲೆ!" ಆ ಮನೆಯ ಬಾಗಿಲ ಚೌಕಟ್ಟಿನಲ್ಲಿ ತಂಗಿಯ ಮಗಳ ಎತ್ತರವನ್ನು ಪ್ರತಿವರ್ಷ ಅವನೇ ಪೆನ್ಸಿಲಿನಲ್ಲಿ ಗೆರೆ ಎಳೆದು ಗುರುತಿಸುತ್ತಾನೆ, ಪಕ್ಕದಲ್ಲೇ ನೆರೆನೀರಿನ ಎತ್ತರವನ್ನೂ. ಹೋದ ವರ್ಷ ನೀರಿನ ಗೆರೆ ಹುಡುಗಿಯ ಗೆರೆಯನ್ನು ದಾಟಿತು.